ಮೆಡಿಕಲ್ ಶಾಪಿನ ನೋವಿನ ಮಾತ್ರೆಗಳು: ಮಗು ಬೇಕೆನ್ನುವ ಗಂಡಸಿಗೆ ಯಾವುದು, ಎಷ್ಟು ದಿನ?

"ಮೈಕೈ ನೋವಿಗೆ ಎರಡು ಕೊಡಿ" ಅಂದರೆ ಸಾಕು, ಅಂಗಡಿಯವರು ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಕತ್ತರಿ ಆಡಿದ ಜಾಗದಲ್ಲಿ ಅರ್ಧ ಹೆಸರು ಹೋಗಿರುತ್ತದೆ. ಎಕ್ಸ್‌ಪೈರಿ ತಾರೀಖು ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತದೆ. ಕೈಗೆ ಬಂದದ್ದರಲ್ಲಿ "ಅಸಿಕ್ಲೊ" ಅಂತಲೋ "ಫೆನ್ 400" ಅಂತಲೋ ಒಂದು ತುಣುಕು ಓದಲು ಸಿಕ್ಕರೆ ಪುಣ್ಯ. ಮಗುವಿಗಾಗಿ ಒಂದೆರಡು ವರ್ಷದಿಂದ ಕಾಯುತ್ತಿರುವ ಗಂಡಸನ್ನು ಡಾಕ್ಟರು "ಏನಾದ್ರೂ ಮಾತ್ರೆ ತಗೋತೀರಾ?" ಅಂತ ಕೇಳಿದಾಗ "ಏನೂ ಇಲ್ಲ ಸಾರ್" ಎಂಬ ಉತ್ತರ ಬರುವುದು ಈ ಕವರಿನ ದೆಸೆಯಿಂದಲೇ. ನೋವಿನ ಗುಳಿಗೆಯನ್ನು ನಮ್ಮಲ್ಲಿ ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ತೂಗಿ ನೋಡುತ್ತಿರುವುದು ಯಾವ ಊರಿನ ಅಂಗಡಿಯಲ್ಲೂ ಸಿಗುವ ಸರಕು: ಡೋಲೋ 650, ಬ್ರೂಫೆನ್, ಕಾಂಬಿಫ್ಲಾಮ್, ಝೀರೋಡಾಲ್-ಪಿ, ವೊವೆರಾನ್, ಅಲ್ಟ್ರಾಸೆಟ್, ಜೊತೆಗೆ ಹಚ್ಚಿಕೊಳ್ಳುವ ಜೆಲ್. ನೋವು ಇಳಿಸುವುದರಲ್ಲಿ ಎಲ್ಲವೂ ಪಾಸು, ಅದರಲ್ಲಿ ತಕರಾರಿಲ್ಲ. ನಮ್ಮ ತಕ್ಕಡಿ ಬೇರೆ. ವೀರ್ಯಾಣು ತಯಾರಾಗುವ ಕೆಲಸಕ್ಕೆ ಯಾವುದು ಅಡ್ಡ ಬರುತ್ತದೆ, ಎಷ್ಟು ಡೋಸಿನಲ್ಲಿ, ಎಷ್ಟು ದಿನಕ್ಕೆ?

ದಿನದ ಲೆಕ್ಕ ಮೊದಲು ತಿಳಿದಿರಬೇಕು. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ. ಆಮೇಲೆ ವೃಷಣದ ಬೆನ್ನಿಗಂಟಿಕೊಂಡ ಸುರುಳಿ ನಾಳದಲ್ಲಿ ಸಾಗುತ್ತಾ ಈಜುವ ಶಕ್ತಿ ಪಡೆಯಲು ಇನ್ನೆರಡು ವಾರ. ಹತ್ತಿರ ಹತ್ತಿರ ಮೂರು ತಿಂಗಳು. ಹಾಗಾಗಿ ನಿನ್ನೆ ರಾತ್ರಿ ನುಂಗಿದ ಮಾತ್ರೆಯ ಗುರುತು ಇವತ್ತಿನ ವೀರ್ಯ ಪರೀಕ್ಷೆಯ ರಿಪೋರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವತ್ತಿನ ರಿಪೋರ್ಟು ಹೇಳುವುದು ಕಳೆದ ಮೂರು ತಿಂಗಳ ಕಥೆ.

ನೋವಿನ ಮಾತ್ರೆಗೂ ಗಂಡಸಿನ ಅಂಗಕ್ಕೂ ನಂಟು ಬಂದದ್ದು ಹೇಗೆ ಎನ್ನುವುದಕ್ಕೆ ಒಂದು ಹೆಸರೇ ಸಾಕ್ಷಿ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದಲ್ಲಿ ಒಂದು ವಸ್ತುವನ್ನು ಗುರುತಿಸಿ, ಪ್ರಾಸ್ಟೇಟ್ ಗ್ರಂಥಿಯಿಂದ ಬಂದಿರಬೇಕೆಂದುಕೊಂಡು ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟರು. ವೀರ್ಯದಲ್ಲಿರುವ ಅದರ ಬಹುಪಾಲು ಬರುವುದು ಪಕ್ಕದ ವೀರ್ಯಕೋಶಗಳಿಂದ ಎಂದು ಆಮೇಲೆ ತಿಳಿಯಿತು. ತಪ್ಪು ಹೆಸರು ಹಾಗೇ ನಿಂತುಬಿಟ್ಟಿತು. ಆಸ್ಪಿರಿನ್ ಗುಂಪಿನ ಮಾತ್ರೆಗಳು (ಇಬುಪ್ರೊಫೆನ್, ಡೈಕ್ಲೊಫಿನಾಕ್ ಇದೇ ಗುಂಪಿನವು) ಕೆಲಸ ಮಾಡುವುದು ನೋವು, ಉರಿಯೂತ ಹುಟ್ಟಿಸುವ ಇದೇ ಪ್ರಾಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಮೊಣಕಾಲಿನ ಉರಿಯೂತಕ್ಕೆಂದು ನುಂಗಿದ ಮಾತ್ರೆ ಮೊಣಕಾಲಿಗಷ್ಟೇ ಹೋಗುವುದಿಲ್ಲ. ರಕ್ತ ಹರಿಯುವ ಕಡೆಗೆಲ್ಲ ಹೋಗುತ್ತದೆ, ವೃಷಣಕ್ಕೂ.

ಇಬುಪ್ರೊಫೆನ್‌ನಿಂದ ಶುರು ಮಾಡೋಣ, ಅದರ ಮೇಲೆಯೇ ಒಳ್ಳೆಯ ಪ್ರಯೋಗ ನಡೆದಿರುವುದು. ಬ್ರೂಫೆನ್ 400ರಲ್ಲಿ ಇರುವುದು ಇದೊಂದೇ. ಕಾಂಬಿಫ್ಲಾಮ್‌ನಲ್ಲಿ ಇದು 400 ಮಿ.ಗ್ರಾಂ, ಜೊತೆಗೆ ಪ್ಯಾರಸಿಟಮಾಲ್ 325 ಮಿ.ಗ್ರಾಂ. 2018ರ ಜನವರಿಯಲ್ಲಿ ಡೆನ್ಮಾರ್ಕ್ ಮತ್ತು ಫ್ರಾನ್ಸ್‌ನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 18ರಿಂದ 35 ವಯಸ್ಸಿನ 31 ಆರೋಗ್ಯವಂತ ಗಂಡಸರು. 14 ಜನಕ್ಕೆ ದಿನಕ್ಕೆರಡು ಬಾರಿ 600 ಮಿ.ಗ್ರಾಂ ಇಬುಪ್ರೊಫೆನ್, ಉಳಿದ 17 ಜನಕ್ಕೆ ಹುಸಿ ಮಾತ್ರೆ, ಆರು ವಾರ. ದಿನಕ್ಕೆ 1200 ಮಿ.ಗ್ರಾಂ ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಬ್ರೂಫೆನ್ 400. ಬೆನ್ನುನೋವಿದ್ದವರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಹಾಕಿಕೊಂಡರೆ ಆಗುವ ಡೋಸೇ ಇದು, ವಿಪರೀತವೇನಲ್ಲ.

ಎರಡು ವಾರದ ಹೊತ್ತಿಗೇ ಮಾತ್ರೆ ತಿಂದವರ ರಕ್ತದಲ್ಲಿ ಎಲ್‌ಎಚ್ ಹಾರ್ಮೋನು ಸುಮಾರು 23% ಏರಿತ್ತು. 44ನೇ ದಿನಕ್ಕೆ ಏರಿಕೆ 33%. ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಾತ್ರ ಇದ್ದಷ್ಟೇ ಇತ್ತು. ಎಲ್‌ಎಚ್ ಅಂದರೆ "ಟೆಸ್ಟೋಸ್ಟೆರಾನ್ ತಯಾರಿಸು" ಎಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಆದೇಶ. ಬೋರ್‌ವೆಲ್ಲಿನ ಮೋಟರು ಸವೆದಾಗ ತೊಟ್ಟಿ ಎಂದಿನಂತೆ ತುಂಬುತ್ತದೆ, ಕರೆಂಟು ಬಿಲ್ಲು ಮಾತ್ರ ಏರುತ್ತದೆ. ಇಲ್ಲಿ ಆದದ್ದು ಅದೇ. ವೈದ್ಯರು ಇದನ್ನು ಸರಿದೂಗಿಸಿಕೊಂಡ ಹಾರ್ಮೋನು ಕೊರತೆ ಎನ್ನುತ್ತಾರೆ, ಸಾಮಾನ್ಯವಾಗಿ ಇದನ್ನು ಕಾಣುವುದು ವಯಸ್ಸಾದವರಲ್ಲಿ. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳ ಹಾರ್ಮೋನುಗಳಲ್ಲೂ ಅದೇ ಪ್ರಯೋಗದಲ್ಲಿ ಇಳಿಕೆ ಕಂಡಿತು.

"ಇಬುಪ್ರೊಫೆನ್ ತಿಂದರೆ ಬಂಜೆತನ" ಎಂದು ಆಗ ಹರಿದಾಡಿದ ಸುದ್ದಿ ಮಾತ್ರ ಈ ಪ್ರಯೋಗದ ಮಾತಲ್ಲ. ಅದು ವೀರ್ಯಾಣು ಎಣಿಸಲಿಲ್ಲ. ಯಾರಿಗೆ ಮಕ್ಕಳಾದವು, ಯಾರಿಗೆ ಆಗಲಿಲ್ಲ ಎಂದು ನೋಡಲಿಲ್ಲ. ಮಾತ್ರೆ ತಿಂದವರು 14 ಜನ, ಅದೂ ಆರು ವಾರ. ಹಲ್ಲು ಕೀಳಿಸಿಕೊಂಡು ಮೂರು ದಿನ ಬ್ರೂಫೆನ್ ನುಂಗಿದವನಿಗೆ ಇದರಿಂದ ಹೆದರಿಕೆ ಬೇಡ. ಜಿಮ್‌ಗೆ ಹೋಗುವ ಮೊದಲು "ನೋವು ಬರದಿರಲಿ" ಅಂತ ದಿನಾ ಒಂದು ಹಾಕಿಕೊಳ್ಳುವವನು, ಲೋಡಿಂಗ್ ಕೆಲಸದವನು, ರಾತ್ರಿ ಗಾಡಿ ಓಡಿಸಿ ಬೆಳಿಗ್ಗೆ ಕಾಂಬಿಫ್ಲಾಮ್ ನುಂಗಿ ಮಲಗುವ ಡ್ರೈವರು, ಇವರಿಗೆ ಹೇಳಿದ ಮಾತಿದು. ನಮ್ಮ ತೀರ್ಪು: ಐದು ದಿನದೊಳಗಿನ ಕೋರ್ಸಿಗೆ ಇಬುಪ್ರೊಫೆನ್ ಸರಿ. ಮಗುವಿನ ಪ್ರಯತ್ನದಲ್ಲಿರುವಾಗ ವಾರಗಟ್ಟಲೆ ದಿನಾ ತಿನ್ನುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಮುನ್ನೆಚ್ಚರಿಕೆಗೆಂದು ನೋವಿಲ್ಲದೆ ತಿನ್ನುವುದಂತೂ ಶುದ್ಧ ದಡ್ಡತನ.

ಡೋಲೋ 650 ಕೊರೊನಾ ಕಾಲದಲ್ಲಿ ಮನೆಮಾತಾದದ್ದು. ತಯಾರಿಸುವುದು ನಮ್ಮ ಬೆಂಗಳೂರಿನ ಕಂಪನಿ, ಒಳಗಿರುವುದು ಪ್ಯಾರಸಿಟಮಾಲ್ ಒಂದೇ. ಈ ಸರಳತೆಗೇ ಅದಕ್ಕೆ ಒಂದು ಅಂಕ ಹೆಚ್ಚು. ಅಮೆರಿಕದ ಮಿಷಿಗನ್ ಮತ್ತು ಟೆಕ್ಸಾಸ್‌ನಲ್ಲಿ ಮಗುವಿಗೆ ಪ್ರಯತ್ನಿಸುತ್ತಿದ್ದ 501 ದಂಪತಿಗಳನ್ನು ಒಂದು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಗಂಡನ ಮೂತ್ರದಲ್ಲಿ ಪ್ಯಾರಸಿಟಮಾಲ್ ಅತಿ ಹೆಚ್ಚು ಸಿಕ್ಕ ಜೋಡಿಗಳಲ್ಲಿ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿಯಿತು ಎಂದು 2016ರಲ್ಲಿ ಪ್ರಕಟವಾಯಿತು. ಆದರೆ ಇದು ಮಾತ್ರೆ ಕೊಟ್ಟು ನೋಡಿದ ಪ್ರಯೋಗವಲ್ಲ, ಇದ್ದದ್ದನ್ನು ಅಳೆದ ಲೆಕ್ಕ. ಪದೇ ಪದೇ ಪ್ಯಾರಸಿಟಮಾಲ್ ತಿನ್ನುವವನಿಗೆ ಪದೇ ಪದೇ ತಲೆನೋವೋ ಜ್ವರವೋ ನಿದ್ದೆಗೇಡೋ ಇದ್ದೇ ಇರುತ್ತದೆ. ತಡವಾದದ್ದು ಮಾತ್ರೆಯಿಂದಲೋ ಆ ಕಾಯಿಲೆಯಿಂದಲೋ ಎಂದು ಅದರಿಂದ ಬಿಡಿಸಿ ಹೇಳಲಾಗದು.

ಈ ಸುದ್ದಿ ಓದಿ ಜ್ವರ ಬಂದಾಗ ಡೋಲೋ ಬೇಡ ಎನ್ನುವವರಿಗೆ ಒಂದು ಮಾತು. ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ತೂಗುತ್ತಿರುವುದು ತಂಪಿಗಾಗಿ. ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಇದ್ದರೇ ಅಲ್ಲಿ ಕೆಲಸ ಸರಿಯಾಗಿ ನಡೆಯುವುದು. ಎರಡು ಮೂರು ದಿನ 39 ಡಿಗ್ರಿ ಜ್ವರ ಕಾದರೆ ವೀರ್ಯಾಣು ಸಂಖ್ಯೆ ಮುಂದಿನ ಕೆಲವು ವಾರ ಬೀಳುತ್ತದೆ. ಮಾತ್ರೆಯ ಅನುಮಾನಕ್ಕೆ ಹೆದರಿ ಜ್ವರದ ಖಚಿತ ಹೊಡೆತ ತಿನ್ನುವುದು ಯಾವ ಲೆಕ್ಕ? ಮಳೆಗಾಲದಲ್ಲಿ ಡೆಂಗಿ ಅನುಮಾನವಿದ್ದರಂತೂ ಪ್ಯಾರಸಿಟಮಾಲ್ ಒಂದೇ ದಾರಿ. ಇಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ಮುಟ್ಟಬಾರದು, ರಕ್ತಸ್ರಾವದ ಅಪಾಯವಿದೆ.

ಪ್ಯಾರಸಿಟಮಾಲ್‌ನಲ್ಲಿ ಎಡವುವುದು ಮೊತ್ತದಲ್ಲಿ. ದೊಡ್ಡವರಿಗೆ 24 ಗಂಟೆಯಲ್ಲಿ ಮೇಲಿನ ಮಿತಿ 4 ಗ್ರಾಂ, ತೂಕ ಕಡಿಮೆ ಇದ್ದರೆ, ಕುಡಿಯುವ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಈಗ ಶೀತ, ಜ್ವರ, ಸೊಂಟನೋವು ಮೂರೂ ಒಟ್ಟಿಗೆ ಬಂದವನ ಒಂದು ದಿನ ನೋಡಿ. ಡೋಲೋ 650 ನಾಲ್ಕು, 2600 ಮಿ.ಗ್ರಾಂ. ಶೀತಕ್ಕೆ ಸಿನಾರೆಸ್ಟ್ ಮೂರು, ಒಂದೊಂದರಲ್ಲೂ ಪ್ಯಾರಸಿಟಮಾಲ್ 500, ಅಲ್ಲಿಗೆ 1500. ಸೊಂಟಕ್ಕೆ ಝೀರೋಡಾಲ್-ಪಿ ಎರಡು, 325ರಂತೆ 650. ಒಟ್ಟು 4750 ಮಿ.ಗ್ರಾಂ. ಮೂರು ಬಣ್ಣದ ಮೂರು ಸ್ಟ್ರಿಪ್, ಒಳಗೆ ಅದೇ ಮದ್ದು. ಲಿವರ್‌ಗೆ ಬೀಳುವ ಈ ಹೊರೆಯ ಮುಂದೆ ವೀರ್ಯಾಣುವಿನ ಚಿಂತೆ ಸಣ್ಣದು. ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರದ ಸಾಲು ಓದಬೇಕೆನ್ನುವುದು ಇದಕ್ಕೇ.

ಝೀರೋಡಾಲ್-ಪಿ ಮತ್ತು ವೊವೆರಾನ್ ನಮ್ಮಲ್ಲಿ ಇಬುಪ್ರೊಫೆನ್‌ಗಿಂತ ಹೆಚ್ಚು ಓಡುವ ಸರಕು. ಮೊದಲನೆಯದರಲ್ಲಿ ಅಸಿಕ್ಲೊಫಿನಾಕ್ 100 ಮಿ.ಗ್ರಾಂ ಮತ್ತು ಪ್ಯಾರಸಿಟಮಾಲ್, ಎರಡನೆಯದರಲ್ಲಿ ಡೈಕ್ಲೊಫಿನಾಕ್. ಪ್ರಾಸ್ಟಗ್ಲಾಂಡಿನ್ ತಯಾರಿಸುವ, ಇಬುಪ್ರೊಫೆನ್ ತಡೆಯುವ ಕಿಣ್ವವನ್ನೇ ಇವೂ ತಡೆಯುತ್ತವೆ, ಹಾಗಾಗಿ ಅದೇ ಎಚ್ಚರಿಕೆಯನ್ನು ಇವಕ್ಕೂ ಅನ್ವಯಿಸುವುದು ಜಾಣತನ. ಒಂದು ಸಾಕಾಗಲಿಲ್ಲ ಅಂತ ಅದರ ಮೇಲೆ ಇನ್ನೊಂದನ್ನು ಹಾಕಿಕೊಂಡರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣು, ಕಿಡ್ನಿಯ ಪೆಟ್ಟು ಇಮ್ಮಡಿಯಾಗುತ್ತದೆ. ಚಿಕೂನ್‌ಗುನ್ಯಾ ಆಗಿ ಜ್ವರ ಹೋದರೂ ಗಂಟುನೋವು ತಿಂಗಳುಗಟ್ಟಲೆ ಬಿಡದವರು, ಒಮ್ಮೆ ಬರೆದುಕೊಟ್ಟ ಹಳೆಯ ಚೀಟಿ ತೋರಿಸಿ ಇದನ್ನೇ ಮತ್ತೆ ಮತ್ತೆ ತರುತ್ತಾರೆ. ಇವು ಶೆಡ್ಯೂಲ್ ಎಚ್ ಔಷಧಿಗಳು, ಪ್ರತಿ ಬಾರಿ ಚೀಟಿ ಬೇಕು ಎನ್ನುವುದು ಕಾಗದದ ಮೇಲಿನ ಕಾನೂನು.

ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದವರೂ ಇದ್ದಾರೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆಳಿಗ್ಗೆ ಎದ್ದಾಗ ಬೆನ್ನು ಮರದ ಹಲಗೆಯಂತೆ ಸೆಟೆದುಕೊಳ್ಳುವ ಕಾಯಿಲೆ, ಶುರುವಾಗುವುದು ಹೆಚ್ಚಾಗಿ ಮದುವೆ ಮಕ್ಕಳ ವಯಸ್ಸಿನಲ್ಲೇ. ಅದಕ್ಕೆ ಈ ಗುಂಪಿನ ಮಾತ್ರೆಯೇ ಮೊದಲ ಚಿಕಿತ್ಸೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಮಗು ಬೇಕೆನ್ನುವ ಗಂಡಸರು ಇವನ್ನು ಮುಂದುವರಿಸಬಹುದು ಎನ್ನುತ್ತದೆ. ಅಂಥವರು ಗಮನಿಸಬೇಕಾದ್ದು ಜೊತೆಗೆ ಬರೆದಿರಬಹುದಾದ ಇನ್ನೊಂದು ಮಾತ್ರೆಯನ್ನು: ಸಲ್ಫಾಸಲಜೀನ್. ಇದು ನೋವಿನ ಮಾತ್ರೆಯಲ್ಲ, ಕೀಲಿನ ಮತ್ತು ಕರುಳಿನ ಉರಿಯೂತಕ್ಕೆ ಕೊಡುವುದು. ವೀರ್ಯಾಣುಗಳ ಸಂಖ್ಯೆ, ಚಲನೆ ಎರಡನ್ನೂ ಇದು ಇಳಿಸುತ್ತದೆ, ಇದರಲ್ಲಿ ಅನುಮಾನವಿಲ್ಲ. ಬಿಟ್ಟ ಮೇಲೆ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಗರ್ಭ ನಿಲ್ಲುವುದು ತಡವಾಗುತ್ತಿದ್ದರೆ ವೀರ್ಯ ಪರೀಕ್ಷೆ ಮಾಡಿಸಿ, ಬದಲಿ ಔಷಧಿ ಇದೆಯೇ ಎಂದು ಕೇಳಿ.

ನಮ್ಮ ತಕ್ಕಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ನಿಲ್ಲುವುದು ಅಫೀಮಿನ ಗುಂಪಿನ ಟ್ರಮಡಾಲ್, ಟಪೆಂಟಡಾಲ್. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ 37.5 ಮಿ.ಗ್ರಾಂ, ಪ್ಯಾರಸಿಟಮಾಲ್ 325. ಆಪರೇಷನ್ ಆದ ನಾಲ್ಕು ದಿನಕ್ಕೆ ಒಳ್ಳೆಯ ಮಾತ್ರೆಯೇ. ತಿಂಗಳುಗಟ್ಟಲೆ ತಿಂದರೆ ಇದರ ಪೆಟ್ಟು ಬೀಳುವುದು ವೃಷಣಕ್ಕಲ್ಲ, ಮೇಲೆ ಮೆದುಳಿನಲ್ಲಿ. ಇಬುಪ್ರೊಫೆನ್ ಪ್ರಯೋಗದಲ್ಲಿ ಎಲ್‌ಎಚ್ ಏರಿತು ಅಂದೆವಲ್ಲ, ಅಫೀಮಿನ ಗುಂಪಿನ ಮಾತ್ರೆಗಳಲ್ಲಿ ಎಲ್‌ಎಚ್ ಆದೇಶವೇ ಹೊರಡುವುದಿಲ್ಲ. ಹಾಗಾಗಿ ಟೆಸ್ಟೋಸ್ಟೆರಾನ್ ನಿಜವಾಗಿಯೇ ಬೀಳುತ್ತದೆ, ಆಸೆ ಕುಗ್ಗುತ್ತದೆ, ನಿಮಿರುವಿಕೆ ಸಡಿಲಾಗುತ್ತದೆ. ಬೇಗ ಸ್ಖಲನವಾಗುವ ತೊಂದರೆಗೆ ಯಾರೋ ಗೆಳೆಯ ಹೇಳಿದ್ದು ಕೇಳಿ ಟ್ರಮಡಾಲ್ ನುಂಗುವವರೂ ಇದ್ದಾರೆ. ಸ್ಖಲನ ತಡವಾಗುವುದು ನಿಜ, ಚಟ ಹತ್ತುವುದೂ ನಿಜ. 2018ರಿಂದ ಟ್ರಮಡಾಲ್ ಭಾರತದಲ್ಲಿ ಮಾದಕವಸ್ತು ಕಾಯ್ದೆಯ ಕೆಳಗಿದೆ. ಬಹಳ ದಿನದಿಂದ ತಿನ್ನುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಡುಕ, ಬೆವರು, ವಾಂತಿ, ನಿದ್ದೆಯಿಲ್ಲದ ರಾತ್ರಿ. ಡಾಕ್ಟರ ಕೈಯಲ್ಲಿ ಡೋಸ್ ಇಳಿಸುತ್ತಾ ಬಿಡಬೇಕು.

ಟೆಸ್ಟೋಸ್ಟೆರಾನ್ ಕಡಿಮೆ ಎಂಬ ರಿಪೋರ್ಟ್ ಹಿಡಿದು ಜಿಮ್ ಟ್ರೇನರ ಮಾತಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ತಪ್ಪು. ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ಆದೇಶ ನಿಲ್ಲಿಸಿಬಿಡುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಬಹುದು.

ಜೆಲ್‌ಗೆ ನಮ್ಮಿಂದ ಒಳ್ಳೆಯ ಅಂಕ, ನೋವು ಒಂದು ಮೊಣಕಾಲಿಗೋ ಭುಜಕ್ಕೋ ಸೀಮಿತವಾಗಿದ್ದರೆ. ಡೈಕ್ಲೊಫಿನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸುಮಾರು 6% ಮಾತ್ರ. "ಹಚ್ಚಿದೆ, ಏನೂ ಆಗಲಿಲ್ಲ" ಎನ್ನುವವರು ಹಚ್ಚುವುದು ಕಡಲೆಕಾಳಿನಷ್ಟು. ಬೇಕಾದ್ದು ಒಂದು ಬಾರಿಗೆ 2ರಿಂದ 4 ಗ್ರಾಂ, 4 ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಗೋಟಡಿಕೆಯ ಗಾತ್ರ, ದಿನಕ್ಕೆ ಮೂರು ನಾಲ್ಕು ಸಲ. ಹಾಗೆ ಹಚ್ಚಿದರೆ 30 ಗ್ರಾಂ ಟ್ಯೂಬು ಎರಡೂವರೆ ದಿನಕ್ಕೆ ಖಾಲಿ. ಇದರ ನಿಜವಾದ ದೋಷ ಜೇಬಿನದ್ದು. ಹಚ್ಚಿದ ಕೈ ತೊಳೆಯದೆ ಕಣ್ಣಿಗೋ ಕೆಳಗಿನ ಅಂಗಕ್ಕೋ ತಗಲಿಸಿದರೆ ಮೆಂಥಾಲ್ ಬೆರೆತ ಜೆಲ್ ಕೊಡುವ ಉರಿ ಬೇಗ ಮರೆಯುವಂಥದ್ದಲ್ಲ.

ನೋವೇ ವೃಷಣದಲ್ಲಿದ್ದರೆ ಮಾತ್ರೆ ನುಂಗಿ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ಬಳಕೆ. ಸಂಜೆಯ ಹೊತ್ತಿಗೆ, ಬಹಳ ಹೊತ್ತು ನಿಂತು ಕೆಲಸ ಮಾಡಿದ ಮೇಲೆ, ಎಡಭಾಗದಲ್ಲಿ ಎಳೆದಂಥ ಭಾರ, ಮಲಗಿದರೆ ಇಳಿಯುವ ನೋವು: ಇದು ವೆರಿಕೊಸಿಲ್ ಇರಬಹುದು. ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗುವುದು. ಗಂಡಸರ ಬಂಜೆತನಕ್ಕೆ ಸರಿಪಡಿಸಬಹುದಾದ ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ನೋವಿನ ಮಾತ್ರೆ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು ವೃಷಣ ಮೇಲಕ್ಕೆ ಸರಿದಂತಿದ್ದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು, ಮೆಡಿಕಲ್ ಶಾಪಿಗೆ ಹೋಗಿ ಕಳೆಯುವ ಹೊತ್ತಲ್ಲ ಅದು.

ತಲೆನೋವಿಗೆ ತಿನ್ನುವವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳಿಗೆ 15 ದಿನ ಅಥವಾ ಹೆಚ್ಚು ಪ್ಯಾರಸಿಟಮಾಲ್, ಇಬುಪ್ರೊಫೆನ್, ಇಲ್ಲವೇ 10 ದಿನ ಸ್ಯಾರಿಡಾನ್‌ನಂಥ ಮಿಶ್ರಣ, ಮೂರು ತಿಂಗಳು ದಾಟಿತೆಂದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು.

ಪರೀಕ್ಷೆಗೆ ಹೋಗುವವರಿಗೆ. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇರಬೇಕು. ಲ್ಯಾಬಿನವರು ಕೊಟ್ಟ ಅಗಲ ಬಾಯಿಯ ಡಬ್ಬಿಯನ್ನೇ ಬಳಸಿ. ಮಾಮೂಲಿ ಕಾಂಡೋಮಿನಲ್ಲಿ ಸಂಗ್ರಹಿಸಬಾರದು, ಸೋಪು, ಎಣ್ಣೆ, ಎಂಜಲು ತಾಗಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ದಟ್ಟವಾಗಿರುವುದು, ಅದು ಚೆಲ್ಲಿದರೆ ನಾಚಿಕೆ ಬಿಟ್ಟು ಹೇಳಿ. ಮನೆಯಲ್ಲಿ ತೆಗೆದರೆ ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತಲುಪಬೇಕು, ಡಬ್ಬಿ ಅಂಗಿಯ ಒಳಜೇಬಿನಲ್ಲಿರಲಿ, ಐಸು, ಫ್ರಿಜ್ ಬೇಡ. ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರು ಲ್ಯಾಬಿನ ಕೋಣೆಯಲ್ಲೇ ಕೊಡುವುದು ವಾಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲನೆ 42%, ಮುಂದಕ್ಕೆ ಈಜುವವು 30%, ಸರಿಯಾದ ಆಕಾರದವು 4%. ಆ ನಾಲ್ಕನ್ನು ನೋಡಿ ಗಾಬರಿಯಾಗಬೇಡಿ, ಆರೋಗ್ಯವಂತರಲ್ಲೂ ಬಹುಪಾಲು ವೀರ್ಯಾಣು ವಕ್ರವಾಗಿಯೇ ಇರುತ್ತವೆ. ಒಂದು ರಿಪೋರ್ಟಿನಿಂದ ತೀರ್ಮಾನವಿಲ್ಲ, ಇನ್ನೊಮ್ಮೆ ಮಾಡಿಸಬೇಕು. ಮಾತ್ರೆ ಬಿಟ್ಟು ವ್ಯತ್ಯಾಸ ನೋಡಬೇಕಿದ್ದರೆ ಬಿಟ್ಟ ಮೂರು ತಿಂಗಳ ನಂತರ. ಹದಿನೈದೇ ದಿನಕ್ಕೆ ಓಡಿಹೋಗಿ "ಬಿಟ್ಟರೂ ಅಷ್ಟೇ ಇದೆ" ಎಂದು ಮತ್ತೆ ಶುರು ಮಾಡುವವರೇ ಹೆಚ್ಚು.

ದೀರ್ಘಕಾಲ ಇಬುಪ್ರೊಫೆನ್ ತಿಂದವರು ಹಾರ್ಮೋನು ಪರೀಕ್ಷೆ ಮಾಡಿಸುವುದಾದರೆ ಟೆಸ್ಟೋಸ್ಟೆರಾನ್ ಒಂದೇ ಸಾಲದು. ಮೇಲಿನ ಪ್ರಯೋಗದಲ್ಲಿ ಅದು ಸರಿಯಾಗೇ ಇತ್ತು, ಕಥೆ ಹೇಳಿದ್ದು ಎಲ್‌ಎಚ್. ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ತೆಗೆಸಿ, ವೀರ್ಯಾಣು ತಯಾರಿಕೆಗೆ ಪಿಟ್ಯುಟರಿ ಕಳಿಸುವ ಆದೇಶವಾದ ಎಫ್‌ಎಸ್‌ಎಚ್ ಕೂಡ. ಹಾಗೆಯೇ, ದಿನಕ್ಕೆ ಹತ್ತು ಸಿಗರೇಟು, ಬಾಯಿತುಂಬ ಗುಟ್ಕಾ ಇಟ್ಟುಕೊಂಡು ತಿಂಗಳಿಗೆರಡು ಡೋಲೋ ಮೇಲೆ ಅನುಮಾನ ಪಡುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಅಂಗಡಿಯಲ್ಲಿ ಕತ್ತರಿಸಿದ ತುಂಡು ಕೊಟ್ಟರೆ ಇಡೀ ಸ್ಟ್ರಿಪ್ಪಿನ ಹಿಂಭಾಗದ ಫೋಟೊ ಅಲ್ಲೇ ತೆಗೆದುಕೊಳ್ಳಿ, ತಾರೀಖಿನ ಸಮೇತ. ಮೂರು ತಿಂಗಳ ಫೋಟೊಗಳೇ ಡಾಕ್ಟರಿಗೆ ಬೇಕಾದ ಪಟ್ಟಿ. ಇನ್ನು, ಗಂಡ ತಂದು ಉಳಿಸಿದ ಕಾಂಬಿಫ್ಲಾಮ್, ವೊವೆರಾನ್ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲೇ ಇರುತ್ತವೆ, ಹೆಂಡತಿಗೆ ತಿಂಗಳು ನಿಂತ ಮೇಲೂ. ಗರ್ಭದ 20ನೇ ವಾರದಿಂದ ಈ ಗುಂಪಿನ ಮಾತ್ರೆಗಳು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭನೀರು ಇಳಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಎಚ್ಚರಿಸಿದ್ದಾರೆ. ಆ ಡಬ್ಬಿ ಖಾಲಿ ಮಾಡುವ ಕೆಲಸ ಮೊದಲ ಸ್ಕ್ಯಾನ್ ದಿನವೇ ಆಗಲಿ.